ಟ್ರೇನರ್ ಆಗಬೇಕು ಅಂದ ತಮ್ಮನಿಗೆ, ನ್ಯೂಮಾರ್ಕೆಟ್‌ನಿಂದ

ತಮ್ಮಾ,

ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಕೆಳಗೆ ಕುದುರೆ ಓಡಿಸುತ್ತಿದ್ದೆ, ಈಗ ಇಂಗ್ಲೆಂಡಿನ ರೇಸ್‌ಕುದುರೆಗಳ ಊರಾದ ನ್ಯೂಮಾರ್ಕೆಟ್‌ನ ಒಂದು ಯಾರ್ಡ್ (ಟ್ರೇನರ್‌ನ ಲಾಯ) ಸೇರಿದ್ದೇನೆ ಅಂತ ಬರೆದಿದ್ದೀಯ. ಚಳಿ ಹೇಗೆ ತಡೆಯುವುದು, ಊಟಕ್ಕೆ ಏನು ಮಾಡುವುದು, ಮುಂದೆ ನಮ್ಮಂಥವರು ಇಲ್ಲಿ ರೇಸಿಗೆ ಕುದುರೆ ತಯಾರು ಮಾಡುವ ಟ್ರೇನರ್ ಆಗಬಹುದಾ ಅಂತ ಕೇಳಿದ್ದೀಯ. ಚಳಿಗೆ ಒಳಗೊಂದು ಥರ್ಮಲ್, ಜೇಬಿನಲ್ಲಿ ಇನ್ನೊಂದು ಜೊತೆ ಗ್ಲೌಸ್. ಒಂದು ಚಳಿಗಾಲ ಕಳೆದರೆ ಮೈ ಒಗ್ಗುತ್ತದೆ. ಮೂರನೇ ಪ್ರಶ್ನೆಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು.

ನಾನು ಬಂದದ್ದು ಜನವರಿಯಲ್ಲಿ. ಮೊದಲ ದಿನ ಕತ್ತಲಲ್ಲೇ ಹೋಗಿ, ಲಾಯದ ಬಾಗಿಲಲ್ಲಿ ನಿಂತು, ಲಾಯದ ಕೆಲಸ ನೋಡುವ ಸೈಸ್ ಕುದುರೆ ತರಲಿ ಅಂತ ಕಾಯುತ್ತಿದ್ದೆ. ಒಬ್ಬ ಹೆಂಗಸು ಬಂದು ಲದ್ದಿ ತೆಗೆಯುವ ಫೋರ್ಕನ್ನು ನನ್ನ ಕೈಗೆ ಕೊಟ್ಟು ಹೋದಳು. ಬೆಂಗಳೂರಲ್ಲಿ ನಮ್ಮಪ್ಪ ಸೈಸ್, ನಾನು ರೈಡರ್. ಇಲ್ಲಿ ಎರಡೂ ನಾನೇ. ಲದ್ದಿ ತೆಗೆಯುವುದು, ಮಾಲೀಸು, ಜೀನು ಹಾಕುವುದು, ಹತ್ತಿ ಓಡಿಸುವುದು, ಬಂದು ಕಾಲು ತೊಳೆಯುವುದು ಎಲ್ಲ ಒಬ್ಬನದೇ. ಅವಮಾನ ಅಂದುಕೊಳ್ಳಬೇಡ. ಲದ್ದಿ, ಮೇವಿನ ತೊಟ್ಟಿ ನೋಡಿದವನಿಗೆ ಕುದುರೆ ರಾತ್ರಿ ಹೇಗಿತ್ತು ಅಂತ ಗೊತ್ತಾಗುತ್ತದೆ. ಟ್ರೇನರ್ ಆಗುತ್ತೇನೆ ಅನ್ನುವವನು ಅಲ್ಲಿಂದಲೇ ಶುರು ಮಾಡಬೇಕು, ಅಲ್ವಾ?

ಊರಲ್ಲಿ ಸಾಹೇಬರು ಕೇಳಿದರೆ "ಚೆನ್ನಾಗಿದೆ ಸರ್" ಅಂತ ತಲೆಯಾಡಿಸುವುದು ನಮಗೆ ರೂಢಿ. ಇಲ್ಲಿ ಹಾಗೆ ಮಾಡಬೇಡ. ಕುದುರೆ ಓಡಿಸುವ ದಿಬ್ಬ ವಾರನ್ ಹಿಲ್ ಹತ್ತಿ ಬಂದ ಮೇಲೆ ಹೇಗಿತ್ತು ಅಂತ ಕೇಳುತ್ತಾರೆ. ಎಲ್ಲಿ ಏದುಸಿರು ಬಂತು, ಯಾವ ಕಾಲನ್ನು ಎತ್ತಿ ಎತ್ತಿ ಇಡುತ್ತಿದೆ, ಲಗಾಮು ಎಳೆಯಿತಾ, ನೆಟ್ಟಗೆ ಹೇಳು. ನಮ್ಮ ಯಾರ್ಡಿನಲ್ಲಿ ಟ್ರೇನರನ್ನು ಹೆಸರು ಹಿಡಿದು ಕರೆಯುತ್ತಾರೆ, ನಿನ್ನಲ್ಲೂ ಹಾಗಿದ್ದರೆ ನೀನೂ ಹಾಗೇ ಕರೆ. ನಮ್ಮ ಹುಡುಗರ ಕೈ ಮೆತ್ತಗೆ ಅಂತ ಇಲ್ಲಿ ಒಳ್ಳೇ ಹೆಸರಿದೆ. ಬಾಯಿ ಕಟ್ಟಿಕೊಂಡಿದ್ದು ಅದನ್ನು ಹಾಳು ಮಾಡಬೇಡ.

ಈಗ ಟ್ರೇನರ್ ವಿಷಯ. ಲೈಸೆನ್ಸ್ ಕೊಡುವುದು ಬ್ರಿಟಿಷ್ ಹಾರ್ಸ್‌ರೇಸಿಂಗ್ ಅಥಾರಿಟಿ. ಅನುಭವ ಬೇಕು, ಇಲ್ಲೇ ಇರುವ ಬ್ರಿಟಿಷ್ ರೇಸಿಂಗ್ ಸ್ಕೂಲ್‌ನಂಥ ಕಡೆ ಕೋರ್ಸ್ ಮುಗಿಸಬೇಕು, ಲಾಯ ನಡೆಸಲು ದುಡ್ಡಿದೆ ಅಂತ ತೋರಿಸಬೇಕು. ಉಳಿದದ್ದು ಅವರ ವೆಬ್‌ಸೈಟಿನಲ್ಲಿದೆ. ಇಷ್ಟು ಮಾಡಬಹುದು. ಕಷ್ಟ ಇರುವುದು ಓನರ್‌ಗಳನ್ನು ಹುಡುಕುವುದರಲ್ಲಿ, ಆಮೇಲೆ ಉಳಿಸಿಕೊಳ್ಳುವುದರಲ್ಲಿ. ಈ ಚಿಕ್ಕ ಊರಲ್ಲಿ ಸುಮಾರು 80 ಟ್ರೇನರ್‌ಗಳು, 3,000 ಕುದುರೆಗಳು. ಕುದುರೆ ಓನರ್‌ನದು. ಟ್ರೇನರ್‌ಗೆ ಬರುವುದು ದಿನದ ಲೆಕ್ಕದ ಫೀಸು, ಗೆದ್ದರೆ ಬಹುಮಾನದಲ್ಲಿ ಒಂದು ಪಾಲು. ಫೀಸೆಲ್ಲ ಮೇವಿಗೆ, ನಮ್ಮ ಸಂಬಳಕ್ಕೆ, ಗ್ಯಾಲಪ್ (ಕುದುರೆ ಓಡಿಸುವ ಬಯಲು) ಬಳಸಲು ಪ್ರತಿ ಕುದುರೆಗೂ ಕಟ್ಟುವ ದುಡ್ಡಿಗೆ ಹೋಗುತ್ತದೆ.

ಹೆನ್ರಿ ಸೆಸಿಲ್ ಅಂದರೆ ಸೋಲೇ ಕಾಣದ ಕುದುರೆ ಫ್ರ್ಯಾಂಕೆಲ್‌ನ ಟ್ರೇನರ್ ಅಂತಷ್ಟೇ ನೀನು ಕೇಳಿರುತ್ತೀಯ. ಓನರ್‌ಗಳನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ತಿಳಿಯಲು ಪೂರ್ತಿ ಕೇಳು. ಅವರು ಸ್ವಂತವಾಗಿ ಶುರು ಮಾಡಿದ್ದು 1969ರಲ್ಲಿ. ಮಲತಂದೆ ಟ್ರೇನರ್, ಹೆಂಡತಿಯ ತಂದೆ ಟ್ರೇನರ್. ನಮ್ಮ ಹಾಗೆ ಬರಿಗೈಯಲ್ಲಿ ಬಂದವರಲ್ಲ, ಅದೂ ನೆನಪಿರಲಿ. ಹತ್ತು ಸಲ ಚಾಂಪಿಯನ್ ಟ್ರೇನರ್, ನಾಲ್ಕು ಎಪ್ಸಮ್ ಡರ್ಬಿ. ಅಂಥವರ ಲಾಯದಿಂದ 1995ರಲ್ಲಿ ದುಬೈನ ಶೇಖ್ ಮೊಹಮ್ಮದ್ ತಮ್ಮ ಕುದುರೆಗಳನ್ನೆಲ್ಲ ತೆಗೆದುಕೊಂಡು ಹೋದರು. ಆಮೇಲೂ ಕೆಲವು ವರ್ಷ ಗೆದ್ದರು. ನಂತರ ಅವಳಿ ಸಹೋದರ ತೀರಿಕೊಂಡರು, ಓನರ್‌ಗಳು ಒಬ್ಬೊಬ್ಬರಾಗಿ ಜಾರಿಕೊಂಡರು. 2005ರಲ್ಲಿ ಇಡೀ ವರ್ಷಕ್ಕೆ ಗೆದ್ದದ್ದು 12 ರೇಸು. ಮರುವರ್ಷ ಕ್ಯಾನ್ಸರ್ ಬೇರೆ. ಆಗಲೂ ಕುದುರೆ ಕಳಿಸುವುದನ್ನು ನಿಲ್ಲಿಸದವರಲ್ಲಿ ಒಬ್ಬರು ಸೌದಿಯ ರಾಜಕುಮಾರ ಖಾಲಿದ್ ಅಬ್ದುಲ್ಲಾ. ಅವರು ಕಳಿಸಿದ ಮರಿಯೇ ಫ್ರ್ಯಾಂಕೆಲ್. 2010ರಿಂದ 2012ರವರೆಗೆ 14 ಓಟ, 14 ಗೆಲುವು. 2013ರ ಜೂನ್‌ನಲ್ಲಿ ಸೆಸಿಲ್ ಹೋಗಿಬಿಟ್ಟರು.

ನಾನು ಬೇರೆ ಯಾರ್ಡಿನಲ್ಲಿದ್ದೆ, ಆದರೂ ಬೆಳಗ್ಗೆ ಫ್ರ್ಯಾಂಕೆಲ್ ಬರುವಾಗ ನೋಡಿದ್ದೇನೆ. ಎಳೆದೆಳೆದು ಓಡುವ ಕುದುರೆ. ಬೇರೆ ಕುದುರೆಯ ಹಿಂದೆ ಸಮಾಧಾನವಾಗಿ ಇರುವುದನ್ನು ಅದಕ್ಕೆ ಕಲಿಸಿದರಲ್ಲ, ನನ್ನ ಮಟ್ಟಿಗೆ 14 ಗೆಲುವಿಗಿಂತ ಅದು ದೊಡ್ಡದು.

ಓನರ್ ಮನಸ್ಸು ಬದಲಾದರೆ ಒಂದು ಫೋನ್ ಸಾಕು. ನನಗೆ ಇದು ಗೊತ್ತಾದದ್ದು ಒಂದು ಹೆಣ್ಣು ಮರಿಯಿಂದ. ಕಿವಿ ಮುಟ್ಟಿದರೆ ಒದೆಯುತ್ತಿದ್ದಳು. ದಸರಾ ಹೊತ್ತಿಗೆ ಪಳಗಿದಳು. ಆಯುಧ ಪೂಜೆ ದಿನ ಯಾರೂ ನೋಡದಾಗ ಹಣೆಗೆ ಚೂರು ಕುಂಕುಮ ಇಟ್ಟಿದ್ದೆ. ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಹೋದರೆ ಬಾಕ್ಸ್ ಖಾಲಿ. ಓನರ್ ಬೇರೆ ಟ್ರೇನರ್‌ಗೆ ಕೊಟ್ಟಿದ್ದರು. ಯಾರೂ ಹೇಳಲಿಲ್ಲ, ಹೇಳಬೇಕು ಅಂತ ಯಾರಿಗೂ ಅನಿಸಲೂ ಇಲ್ಲ. ಆ ಸೀಸನ್ ಪೂರ್ತಿ ಅದೇ ವಾರನ್ ಹಿಲ್‌ನಲ್ಲಿ ಅವಳ ಮೇಲೆ ಇನ್ನೊಬ್ಬ ಕೂತಿರುವುದನ್ನು ನೋಡಿದೆ. ಗೆದ್ದಳು ಕೂಡ. ಬಾಕ್ಸ್ ಖಾಲಿ ಕಂಡ ಆ ಬೆಳಗ್ಗೆ ನಮ್ಮ ಟ್ರೇನರ್ ಎಂದಿನಂತೆ ಪಟ್ಟಿ ಓದಿ ನನಗೆ ಬೇರೆ ಕುದುರೆ ಕೊಟ್ಟರು. ಸಿಟ್ಟು ಬಂತು. ಅದೇ ಓನರ್‌ನ ಇನ್ನೂ ಮೂರು ಕುದುರೆ ಹೋಗಿದ್ದವು ಅಂತ ಆಮೇಲೆ ತಿಳಿಯಿತು. ತಿಂಗಳ ಕೊನೆಗೆ ನಮಗೆಲ್ಲ ಸಂಬಳ ಕೊಡಬೇಕಾದವರು ನಮ್ಮ ಟ್ರೇನರ್. ಅವರು ಯಾರ ಮುಂದೆ ಅಳಬೇಕಿತ್ತು?

ಕುದುರೆ ವಿಷಯದಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ. ಓನರ್ ಜೊತೆ ಕೂತು ಮಾತಾಡುವುದು, ಸೋತ ಸಂಜೆ ಫೋನ್ ಮಾಡಿ ಸಮಾಧಾನ ಹೇಳುವುದು, ಹರಾಜಿನಲ್ಲಿ ಪಕ್ಕ ನಿಂತು ಕುದುರೆ ಕೊಡಿಸುವುದು, ಇದು ನನಗೆ ಒಗ್ಗಲೇ ಇಲ್ಲ. ಲಾಯದ ಕೆಲಸಗಾರರ ಮೇಲಿನ ಹೆಡ್ ಲ್ಯಾಡ್ ಆಗಿ ನಿಂತುಬಿಟ್ಟೆ. ಆ ಕೊರಗು ಹೋಗಿಲ್ಲ. ನೀನು ಚಿಕ್ಕವನು. ಅಕ್ಟೋಬರ್‌ನಲ್ಲಿ ಇಲ್ಲಿನ ಹರಾಜು ಕಂಪನಿ ಟಾಟರ್‌ಸಾಲ್ಸ್‌ನಲ್ಲಿ ಮರಿಗಳ ಹರಾಜು ಇರುತ್ತದೆ. ರಜೆ ಹಾಕಿ ಹೋಗು, ಸುಮ್ನೆ ನಿಂತು ಯಾರು ಯಾರ ಹತ್ತಿರ ಹೇಗೆ ಮಾತಾಡುತ್ತಾರೆ ನೋಡು.

ವೀಸಾ ನಿನ್ನ ಯಾರ್ಡಿಗೆ ಅಂಟಿಕೊಂಡಿದೆ. ಸಿಟ್ಟಲ್ಲಿ ಕೆಲಸ ಬಿಟ್ಟು ಹೊರಡಬೇಡ. ಸಂಬಳದ ತಕರಾರಿದ್ದರೆ ನಮ್ಮ ಕೆಲಸಗಾರರ ಸಂಘ ನ್ಯಾಷನಲ್ ಅಸೋಸಿಯೇಷನ್ ಆಫ್ ರೇಸಿಂಗ್ ಸ್ಟಾಫ್‌ನವರನ್ನು ಕೇಳು. ಬಿದ್ದು ಪೆಟ್ಟಾದರೆ, ಮನಸ್ಸಿಗೆ ಕಷ್ಟವಾದರೆ ರೇಸಿಂಗ್ ವೆಲ್‌ಫೇರ್ ಅನ್ನುವ ಸಹಾಯ ಸಂಸ್ಥೆ ಇದೆ. ಗೆದ್ದ ದುಡ್ಡಲ್ಲಿ ಲಾಯದವರಿಗೂ ಪೂಲ್ ಮನಿ ಬರುತ್ತದೆ, ಹೇಗೆ ಹಂಚುತ್ತಾರೆ ಅಂತ ಈಗಲೇ ಕೇಳಿಕೋ.

ಊಟದ್ದು ಮರೆತೆ. ಅಕ್ಕಿ, ಬೇಳೆ ಕೇಂಬ್ರಿಜ್‌ನಲ್ಲಿ ಸಿಗುತ್ತವೆ, ಬಸ್ಸಿದೆ. ರಾಗಿ ಹಿಟ್ಟು ನನ್ನ ಹತ್ತಿರವೇ ಇದೆ, ರಜೆ ಇರುವ ಭಾನುವಾರ ಫೋನ್ ಮಾಡಿ ಬಾ.