ಬ್ಯಾಡ್ಜ್ ಕುತ್ತಿಗೆಗೆ ಬಿದ್ದ ಮೇಲೆ

ಸೈನ್ಸ್ ಫಿಕ್ಷನ್ ಸಮಾವೇಶ, ಕಾಮಿಕ್ಸ್ ಅಭಿಮಾನಿಗಳು ಸೇರುವ ಕಾಮಿಕ್ ಕಾನ್ ಅಂತ ಹೋಗಿಬಂದವರು ಅನುಭವ ಬರೆಯಿರಿ, ಕೇಳುವುದಿದ್ದರೆ ಕೇಳಿ ಎಂದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಮೆಚ್ಚಿನ ಪಾತ್ರಗಳ ವೇಷ ಹಾಕುವುದರ ಬಗ್ಗೆ, ಉಳಿದವು ಕ್ಯೂ ಬಗ್ಗೆ. ಕೆಲವರಿಗೆ ಉದ್ದದ ಉತ್ತರ, ಕೆಲವರಿಗೆ ಗಿಡ್ಡ. ಗಿಡ್ಡ ಸಿಕ್ಕವರು ಬೇಜಾರು ಮಾಡ್ಕೋಬೇಡಿ.

ಮೊದಲ ಸಲ ಒಬ್ಬನೇ ಹೋಗಿದ್ದೆ. ದೊಡ್ಡ ಹಾಲ್‌ನಲ್ಲಿ ಕಾರ್ಯಕ್ರಮ ನೋಡಿದೆ, ಮಳಿಗೆ ಸುತ್ತಿದೆ, ಯಾರೊಂದಿಗೂ ಒಂದು ಮಾತೂ ಆಡದೆ ವಾಪಸ್ ಬಂದೆ. ಎಲ್ಲರೂ ಆಗಲೇ ಗುಂಪು ಕಟ್ಟಿಕೊಂಡಿದ್ದರು. ಇದು ನನ್ನಂಥವನಿಗೆ ಆಗಿಬರುತ್ತದಾ?

ಆಗಿಬರುತ್ತದೆ. ಸಾವಿರಾರು ಜನ ಕತ್ತಲಲ್ಲಿ ವೇದಿಕೆಗೆ ಮುಖ ಮಾಡಿ ಕೂತಿರುವಾಗ ಯಾರಿಗೆ ಯಾರ ಪರಿಚಯ ಆಗಬೇಕು ಹೇಳಿ? ಮುಂದಿನ ಸಲ ಕಾರ್ಯಕ್ರಮ ಪಟ್ಟಿಯಲ್ಲಿ ಸಣ್ಣ ಅಕ್ಷರದಲ್ಲಿರುವುದನ್ನು ಹುಡುಕಿ. ಹಳೇ ಪತ್ರಿಕೆಗಳ ಮುಖಪುಟ ಚಿತ್ರದ ಬಗ್ಗೆ, ಕಾಮಿಕ್ಸ್‌ನ ಮಾತಿನ ಗುಳ್ಳೆಯೊಳಗೆ ಅಕ್ಷರ ಬರೆಯುವವರ ಕೆಲಸದ ಬಗ್ಗೆ, ಬಾಹ್ಯಾಕಾಶದಲ್ಲಿ ಗಿಡ ಬೆಳೆಸುವುದರ ಬಗ್ಗೆ ಒಂದು ಮೂಲೆ ಕೋಣೆಯಲ್ಲಿ ಮಾತುಕತೆ ಇರುತ್ತದೆ. ಕೇಳುವವರಿಗಿಂತ ಖಾಲಿ ಕುರ್ಚಿ ಜಾಸ್ತಿ. ಅಲ್ಲಿ ಮುಗಿದ ಮೇಲೆ ಯಾರೂ ಎದ್ದು ಓಡುವುದಿಲ್ಲ. ಮುಂದಿನ ಕಾರ್ಯಕ್ರಮದವರು ಬಂದು ಹೊರಗೆ ಹಾಕುವವರೆಗೂ ಮಾತು, ಆಮೇಲೆ ಕಾರಿಡಾರ್‌ನಲ್ಲಿ ಅದರ ಮುಂದುವರಿಕೆ.

ಸೈನ್ಸ್ ಫಿಕ್ಷನ್ ಸಮಾವೇಶಗಳಲ್ಲಿ ಇನ್ನೂ ಒಂದು ಒಳ್ಳೇ ಪದ್ಧತಿ ಇದೆ. ಒಬ್ಬ ಲೇಖಕರು, ಒಂದು ಮೇಜು, ಸುತ್ತ ಹತ್ತು ಮಂದಿ ಓದುಗರು. ಮೊದಲೇ ಹೋಗಿ ಹಾಳೆಯಲ್ಲಿ ಹೆಸರು ಬರೆಸಬೇಕು. ಹೆಸರು ಕೇಳದ ಲೇಖಕರ ಹಾಳೆಯಲ್ಲಿ ಜಾಗ ಸುಲಭವಾಗಿ ಸಿಗುತ್ತದೆ. ನನ್ನ ಅನುಭವದಲ್ಲಿ ಮಾತು ಚೆನ್ನಾಗಿರುವುದೂ ಅವರದೇ.

ಅದಕ್ಕೂ ಸಂಕೋಚ ಅನ್ನುವುದಾದರೆ ವಾಲಂಟಿಯರ್ ಆಗಿ ಸೇರಿಕೊಳ್ಳಿ. ನಾನು ಹೆಚ್ಚಾಗಿ ಕೂರುವುದು ಬ್ಯಾಡ್ಜ್ ಕೊಡುವ ಮೇಜಿನಲ್ಲಿ. ಬಂದವರ ಹೆಸರು ಕೇಳಬೇಕು, ಪಟ್ಟಿಯಲ್ಲಿ ಹುಡುಕಬೇಕು, ಬ್ಯಾಡ್ಜ್ ಕೊಡಬೇಕು, ಟಾಯ್ಲೆಟ್ ಯಾವ ಕಡೆ ಅಂತ ತೋರಿಸಬೇಕು. ನಾಚಿಕೆ ಸ್ವಭಾವದವರಿಗೆ ಹೇಳಿ ಮಾಡಿಸಿದ ಕೆಲಸ. ಮಾತು ನೀವು ಹುಡುಕಬೇಕಾಗಿಲ್ಲ, ಅದೇ ಕ್ಯೂನಲ್ಲಿ ನಿಂತು ಬರುತ್ತದೆ. ಪಕ್ಕದ ಕುರ್ಚಿಯವರು ಮಧ್ಯಾಹ್ನದೊಳಗೆ ಸ್ನೇಹಿತರಾಗಿರುತ್ತಾರೆ. ಪೆಟ್ಟಿಗೆ ಹೊತ್ತವರ ಜೊತೆ ಆಗುವ ಪರಿಚಯ ಭಾಷಣ ಕೇಳಿದವರ ಜೊತೆ ಆಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ವರ್ಲ್ಡ್‌ಕಾನ್‌ಗೆ, ಅಂದರೆ ಸೈನ್ಸ್ ಫಿಕ್ಷನ್ ವಿಶ್ವ ಸಮಾವೇಶಕ್ಕೆ, ಹೆಸರು ನೋಂದಾಯಿಸಲು ಹೋದೆ. ಟಿಕೆಟ್ ಅನ್ನುವುದರ ಬದಲು ‘ಸದಸ್ಯತ್ವ’ ಅಂತಿದೆ. ದುಡ್ಡು ಕೊಟ್ಟು ಒಳಗೆ ಹೋಗುವುದು ತಾನೇ, ಇದೇನು ದೊಡ್ಡಸ್ತಿಕೆ?

ದೊಡ್ಡಸ್ತಿಕೆ ಅಲ್ಲ, ಲೆಕ್ಕಾಚಾರವೇ ಬೇರೆ. ಕಂಪನಿ ನಡೆಸುವ ಕಾಮಿಕ್ ಕಾನ್‌ನಲ್ಲಿ ನೀವು ಟಿಕೆಟ್ ತೆಗೆದುಕೊಂಡು ಬಂದ ಗಿರಾಕಿ. ವರ್ಲ್ಡ್‌ಕಾನ್ ನಡೆಸುವವರು ಸಂಬಳವಿಲ್ಲದ ಅಭಿಮಾನಿಗಳು. ಪ್ರತಿ ವರ್ಷ ಬೇರೆ ಊರು, ಬೇರೆ ತಂಡ. ಮುಂದೆ ಯಾವ ಊರಿನಲ್ಲಿ ಅನ್ನುವುದನ್ನು ಸದಸ್ಯರೇ ಮತ ಹಾಕಿ ತೀರ್ಮಾನಿಸುತ್ತಾರೆ. 1953ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ, ಸೈನ್ಸ್ ಫಿಕ್ಷನ್ ಬರಹಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಗೂ ಅವರದೇ ಮತ. ಸಮಾವೇಶಕ್ಕೆ ಹೋಗಲಾಗದಿದ್ದರೂ ಸದಸ್ಯರಾಗಿ ಮತ ಹಾಕಬಹುದು. ಒಂದು ವರ್ಷ ನಾನು ಹಾಗೇ ಮಾಡಿದೆ. ಪಟ್ಟಿಯಲ್ಲಿದ್ದ ಸಣ್ಣ ಕಥೆಗಳನ್ನೆಲ್ಲ ಹಟ ಹಿಡಿದು ಓದಿದೆ. ನಾನು ಮೊದಲ ಸ್ಥಾನ ಕೊಟ್ಟ ಕಥೆಗೆ ಪ್ರಶಸ್ತಿ ಬರಲಿಲ್ಲ. ಈಗಲೂ ನನ್ನ ಆಯ್ಕೆಯೇ ಸರಿ.

ಟೋಕಿಯೊದ ಕಾಮಿಕ್ಸ್ ಸಂತೆ ಕಾಮಿಕೆಟ್ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿದೆ. ಅದು ಶುರುವಾಗಿದ್ದು 1975ರ ಡಿಸೆಂಬರ್‌ನಲ್ಲಿ. ತಾವೇ ಬರೆದು, ತಾವೇ ಅಚ್ಚು ಹಾಕಿಸಿದ ಕಾಮಿಕ್ಸ್ ಹಿಡಿದುಕೊಂಡು 32 ತಂಡಗಳು ಮೇಜು ಹಾಕಿದ್ದವು. ಬಂದವರು ಸುಮಾರು 700 ಮಂದಿ. ಈಗ ಲಕ್ಷಗಟ್ಟಲೆ ಜನ ಬರುತ್ತಾರೆ. ಆದರೂ ಅಲ್ಲಿನ ನಿಯಮದ ಪ್ರಕಾರ ಗಿರಾಕಿ ಅನ್ನುವವರು ಯಾರೂ ಇಲ್ಲ. ಮಾರುವವರು, ಕೊಳ್ಳುವವರು, ಕ್ಯೂ ನಿಲ್ಲಿಸುವವರು ಎಲ್ಲರೂ ಭಾಗವಹಿಸುವವರು. ಹಾಗಾಗಿ ಕುರ್ಚಿ ಸರಿ ಇಲ್ಲ ಅಂತ ಬೈಯುವ ಮೊದಲು ಆ ಕುರ್ಚಿಯನ್ನು ಯಾರು ಹಾಕಿದ್ದು ಅಂತ ನೋಡಿ. ರಾತ್ರಿಯೆಲ್ಲ ನಿದ್ದೆಗೆಟ್ಟ ನಿಮ್ಮಂಥವರೇ ಯಾರೋ ಇರುತ್ತಾರೆ.

ನನಗೆ 58 ವರ್ಷ. ನಿವೃತ್ತಿ ಹತ್ತಿರ ಇದೆ. ಕಾಮಿಕ್ ಕಾನ್‌ಗೆ ಹೋಗಬೇಕು ಅಂದರೆ ಮನೆಯಲ್ಲಿ ನಗುತ್ತಾರೆ.

ನಗಲಿ ಬಿಡಿ. ಬರುವಾಗ ಅವರನ್ನೂ ಕರೆದುಕೊಂಡು ಬನ್ನಿ. ಮೊದಲ ವರ್ಲ್ಡ್‌ಕಾನ್ ನಡೆದದ್ದು 1939ರ ಜುಲೈನಲ್ಲಿ, ನ್ಯೂಯಾರ್ಕ್‌ನಲ್ಲಿ. ಅಂದರೆ ಈ ಹುಚ್ಚು ನಿಮಗಿಂತ ತುಂಬಾ ಹಿರಿಯದು. ಊರುಗೋಲು ಹಿಡಿದು ಬಂದು ಹಳೇ ಸಂಚಿಕೆಗಳ ಪೆಟ್ಟಿಗೆ ಮುಂದೆ ಗಂಟೆಗಟ್ಟಲೆ ನಿಲ್ಲುವವರನ್ನು ನಾನು ಪ್ರತಿ ಸಲ ನೋಡುತ್ತೇನೆ. ಮೆತ್ತನೆ ಶೂ ಹಾಕಿಕೊಳ್ಳಿ. ನೆಲ ಕಾಂಕ್ರೀಟು.

ಮಗಳಿಗೆ 15. ರಕ್ಷಾಕವಚದ ವೇಷ ತಾನೇ ಮಾಡಿಕೊಳ್ಳುತ್ತೇನೆ ಅಂತ ಕೂತಿದ್ದಾಳೆ. ಮನೆಯೆಲ್ಲ ಫೋಮ್ ಚೂರು. ಅಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಅನ್ನುವ ಭಯ ನನ್ನದು. ಕಳಿಸಲಾ ಬೇಡವಾ?

ಕಳಿಸಿ, ಜೊತೆಗೆ ನೀವೂ ಹೋಗಿ. ಕಾವಲಿಗೆ ಅಂತಲ್ಲ, ಸಹಾಯಕ್ಕೆ. ದೊಡ್ಡ ವೇಷ ಹಾಕಿದವರಿಗೆ ಒಬ್ಬರು ಜೊತೆ ಬೇಕೇ ಬೇಕು. ಹೆಲ್ಮೆಟ್ ಒಳಗಿಂದ ಕಾಲ ಕೆಳಗಿನ ಮೆಟ್ಟಿಲು ಕಾಣುವುದಿಲ್ಲ. ಕೈಗವಸು ಹಾಕಿದ ಕೈಯಲ್ಲಿ ಫೋನ್ ಎತ್ತಲಾಗುವುದಿಲ್ಲ. ನೀರು ಕುಡಿಯಲು ಸ್ಟ್ರಾ ಬೇಕು. ಹಿಂದಿನಿಂದ ಬರುವವರು ರೆಕ್ಕೆ ತುಳಿಯದ ಹಾಗೆ ನೋಡಿಕೊಳ್ಳಬೇಕು.

ಹೋಗುವ ಮೊದಲು ಮನೆಯಲ್ಲೇ ಪೂರ್ತಿ ವೇಷ ಹಾಕಿಸಿ ನೋಡಿ. ಕೂರಲು ಆಗುತ್ತದಾ? ಬಾಗಿಲಲ್ಲಿ ಹಿಡಿಸುತ್ತಾಳಾ? ಟಾಯ್ಲೆಟ್‌ಗೆ ಹೋಗಬೇಕಾದರೆ ಎಷ್ಟು ಬಕಲ್ ಬಿಚ್ಚಬೇಕು? ಈ ಕೊನೇ ಪ್ರಶ್ನೆಯನ್ನು ಯಾವ ಹದಿನೈದರ ಹುಡುಗಿಯೂ ತಾನಾಗಿ ಯೋಚಿಸುವುದಿಲ್ಲ. ಕತ್ತಿ, ಬಂದೂಕು ಇದ್ದರೆ ನಿಯಮ ಓದಿ. ಫೋಮ್‌ನದಾದರೆ ಸಾಮಾನ್ಯವಾಗಿ ಬಿಡುತ್ತಾರೆ, ಚೂಪಾದ ಲೋಹಕ್ಕೆ ಪ್ರವೇಶವಿಲ್ಲ. ಎಷ್ಟೋ ಕಡೆ ಬಾಗಿಲಲ್ಲಿ ತಪಾಸಣೆ ಮಾಡಿ ಗುರುತಿನ ಪಟ್ಟಿ ಕಟ್ಟುತ್ತಾರೆ. ಕೆಲವು ಕಡೆ ಮನೆಯಿಂದಲೇ ವೇಷ ಹಾಕಿಕೊಂಡು ಬರುವ ಹಾಗಿಲ್ಲ. ಕಾಮಿಕೆಟ್‌ನಲ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲೇ ವೇಷ ತೊಡಬೇಕು, ಅಲ್ಲೇ ಕಳಚಬೇಕು. ಚೀಲದಲ್ಲಿ ಗ್ಲೂ ಗನ್, ಸೇಫ್ಟಿ ಪಿನ್, ಎರಡೂ ಕಡೆ ಅಂಟುವ ಟೇಪ್, ಕಪ್ಪು ದಾರ ಇರಲಿ. ಅವಳ ಭುಜದ ಪಟ್ಟಿ ಕಿತ್ತು ಬರುತ್ತದೆ. ಎಲ್ಲರದ್ದೂ ಬರುತ್ತದೆ.

ನಿಮ್ಮ ಭಯ ಸುಮ್ನೆ ಅಲ್ಲ. ವೇಷ ಹಾಕಿದವರನ್ನು ಮುಟ್ಟುವುದು, ಕೇಳದೆ ಫೋಟೊ ಹೊಡೆಯುವುದು ಬಹಳ ಕಾಲ ನಡೆದುಕೊಂಡು ಬಂತು. ವೇಷ ಹಾಕಿದ್ದಾರೆ ಅಂದ ಮಾತ್ರಕ್ಕೆ ಒಪ್ಪಿಗೆ ಕೊಟ್ಟ ಹಾಗಲ್ಲ ಎಂಬ ದೊಡ್ಡ ಫಲಕಗಳನ್ನು ನ್ಯೂಯಾರ್ಕ್ ಕಾಮಿಕ್ ಕಾನ್ 2014ರಲ್ಲಿ ನಿಲ್ಲಿಸಿತು. ಈಗ ನಡವಳಿಕೆ ನಿಯಮ ಇಲ್ಲದ ಒಳ್ಳೇ ಸಮಾವೇಶ ಸಿಗುವುದು ಕಷ್ಟ. ಒಳಗೆ ಹೋದ ಕೂಡಲೇ ದೂರು ಕೊಡುವ ಜಾಗ ಎಲ್ಲಿದೆ ಅಂತ ಇಬ್ಬರೂ ನೋಡಿಟ್ಟುಕೊಳ್ಳಿ. ‘ಬೇಡ’ ಅನ್ನುವ ಅಭ್ಯಾಸವನ್ನೂ ಮನೆಯಲ್ಲೇ ಮಾಡಿಸಿ. ಫೋಟೊಗೆ ಬೇಡ ಅನ್ನಲು ಕಾರಣ ಕೊಡಬೇಕಾಗಿಲ್ಲ ಅಂತ ಅವಳಿಗೆ ಗೊತ್ತಿರಲಿ.

ಫೋಮ್ ಚೂರಿಗೆ ನನ್ನ ಹತ್ತಿರ ಪರಿಹಾರ ಇಲ್ಲ. ಆದರೆ ಮಗಳಿಗೆ ಇದೊಂದು ಹೇಳಿ. ಆ 1939ರ ಸಮಾವೇಶಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಾಸ್ ಎಂಬ ಇಬ್ಬರು ಅಭಿಮಾನಿಗಳು ಭವಿಷ್ಯದ ಉಡುಪು ತೊಟ್ಟು ಬಂದಿದ್ದರು. ಹೆಸರು ಆಕರ್‌ಮನ್‌ಗೆ ಜಾಸ್ತಿ ಬಂತು. ಎರಡು ಉಡುಪನ್ನೂ ಹೊಲಿದಿದ್ದು ಡಗ್ಲಾಸ್. ಮರುವರ್ಷ ಶಿಕಾಗೊದಲ್ಲಿ ವೇಷದ ಸ್ಪರ್ಧೆಯೇ ಶುರುವಾಯಿತು. ಇನ್ನೊಂದು ಮಾತು, ಮೈಗೆ ತಿನ್ನುವ ಪದಾರ್ಥ ಬಳಿಯುವ ಯೋಚನೆ ಇದ್ದರೆ ಬಿಡಿಸಿ. 1972ರ ವರ್ಲ್ಡ್‌ಕಾನ್‌ನಲ್ಲಿ ಒಬ್ಬ ಮೈಗೆಲ್ಲ ಕಡಲೆಕಾಯಿ ಬೆಣ್ಣೆ ಮೆತ್ತಿಕೊಂಡು ವೇದಿಕೆ ಹತ್ತಿದ. ದೀಪದ ಬಿಸಿಗೆ ಅದು ಕರಗಿ ನಾರತೊಡಗಿತು, ಪಕ್ಕದವರ ವೇಷಕ್ಕೂ ಹತ್ತಿಕೊಂಡಿತು. ಕಡಲೆಕಾಯಿ ಬೆಣ್ಣೆ ಬಳಿಯಬಾರದು ಅನ್ನುವ ನಿಯಮ ಅವತ್ತಿನಿಂದ ವೇಷದ ಸ್ಪರ್ಧೆಗಳಲ್ಲಿ ಉಳಿದುಕೊಂಡಿದೆ.

ಮೆಚ್ಚಿನ ನಟನ ಕಾರ್ಯಕ್ರಮಕ್ಕೆ ಅಂತ ಅರ್ಧ ದಿನ ಕ್ಯೂ ನಿಂತೆವು. ನಮ್ಮ ಮುಂದೆಯೇ ಬಾಗಿಲು ಮುಚ್ಚಿದರು. ಇದಕ್ಕೆ ಏನಾದರೂ ಉಪಾಯ?

ಒಳಗಿನ ಲೆಕ್ಕ ತಿಳಿದುಕೊಳ್ಳುವುದೇ ಉಪಾಯ. ಸ್ಯಾನ್ ಡಿಯೆಗೊ ಕಾಮಿಕ್ ಕಾನ್‌ಗೆ ಈಗ ಬರುವವರು ಒಂದು ಲಕ್ಷದ ಮೂವತ್ತು ಸಾವಿರಕ್ಕೂ ಹೆಚ್ಚು. ಅಲ್ಲಿನ ಅತಿ ದೊಡ್ಡ ಸಭಾಂಗಣ ‘ಹಾಲ್ ಎಚ್’ನಲ್ಲಿ ಇರುವುದು 6,500ರ ಆಸುಪಾಸು ಕುರ್ಚಿ. ಒಂದು ಕಾರ್ಯಕ್ರಮ ಮುಗಿದ ಮೇಲೆ ಜನರನ್ನು ಹೊರಗೆ ಕಳಿಸುವುದೂ ಇಲ್ಲ. ಸಂಜೆಯ ನಟನಿಗಾಗಿ ಬೆಳಿಗ್ಗೆಯೇ ಹೋಗಿ ಕೂತವರು ಏಳುವುದೇ ಇಲ್ಲ. ನೀವು ಹೋದ ಕಡೆಯೂ ಇದೇ ಪದ್ಧತಿ ಇದ್ದರೆ ಎರಡು ಕಾರ್ಯಕ್ರಮ ಮುಂಚೆಯೇ ಒಳಗೆ ಸೇರಿಕೊಳ್ಳಿ. ಇಲ್ಲವೇ ಆಸೆ ಬಿಡಿ. ನಾನು ಬಿಟ್ಟೆ. ವೇದಿಕೆ ಮೇಲೆ ಹೇಳಿದ್ದು ಸಂಜೆಯೊಳಗೆ ಫೋನ್‌ನಲ್ಲಿ ಸಿಗುತ್ತದೆ. ಚಿತ್ರಕಾರರು ಮೇಜು ಹಾಕಿಕೊಂಡು ಕೂರುವ ಆರ್ಟಿಸ್ಟ್ ಆಲಿಯಲ್ಲಿ ಅವರ ಎದುರು ನಿಂತು ಅವರು ಇಂಕ್ ಹಾಕುವುದನ್ನು ನೋಡುವುದು ಫೋನ್‌ನಲ್ಲಿ ಸಿಗುವುದಿಲ್ಲ. ಅವರ ಮೇಜಿನ ಮುಂದೆ ಕ್ಯೂ ಕೂಡ ಕಡಿಮೆ.

ಒಂದು ಗುಂಪಿನ ಜೊತೆ ಮಾತಾಡುತ್ತಿದ್ದೆ. ಮೂಲ ಕಾಮಿಕ್ಸ್ ಓದಿಲ್ಲ, ಸಿನಿಮಾ ಮಾತ್ರ ನೋಡಿದ್ದೇನೆ ಅಂದೆ. ‘ಹಾಗಾದ್ರೆ ನೀನು ಫ್ಯಾನ್ ಅಲ್ಲ’ ಅಂತ ಒಬ್ಬ ಮುಖಕ್ಕೆ ಹೊಡೆದ ಹಾಗೆ ಹೇಳಿದ. ಆಮೇಲೆ ಅಲ್ಲಿ ನಿಲ್ಲಲು ಮನಸ್ಸಾಗಲಿಲ್ಲ.

ನಿಮ್ಮನ್ನು ಅಲ್ಲಿಂದ ಏಳಿಸಿದವನ ವಂಶ ಹಳೆಯದು. ಮೊದಲ ವರ್ಲ್ಡ್‌ಕಾನ್‌ಗೆ ಬಂದಿದ್ದೇ ಸುಮಾರು 200 ಮಂದಿ. ಅಷ್ಟರಲ್ಲೂ ಸಂಘಟಕರು ಆರು ಮಂದಿಯನ್ನು ಬಾಗಿಲಲ್ಲೇ ತಡೆದರು. ಅವರು ಬೇರೆ ಗುಂಪಿನವರು, ರಾಜಕೀಯ ಬೇರೆ, ಗಲಾಟೆ ಮಾಡುತ್ತಾರೆ ಅನ್ನುವ ಅನುಮಾನ. ಅದೇ ಗುಂಪಿನ ಲೇಖಕ ಐಸಾಕ್ ಅಸಿಮೊವ್ ಮಾತ್ರ ಒಳಗೆ ಹೋದರು. ಹೊರಗೆ ನಿಂತವರಲ್ಲಿ ಒಬ್ಬರು ಫ್ರೆಡರಿಕ್ ಪೋಲ್. ಮುಂದೆ ಇಡೀ ಕ್ಷೇತ್ರದ ದೊಡ್ಡ ಲೇಖಕ, ಸಂಪಾದಕ ಆದರು. 1972ರ ವರ್ಲ್ಡ್‌ಕಾನ್‌ನಲ್ಲಿ ಅವರೇ ಗೌರವ ಅತಿಥಿ. ಅಂದಿನ ಜಗಳಕ್ಕೆ ಕಾರಣವಾದ ಕರಪತ್ರ ಬರೆದ ಡೇವಿಡ್ ಕೈಲ್ 1956ರ ವರ್ಲ್ಡ್‌ಕಾನ್‌ನ ಅಧ್ಯಕ್ಷರಾದರು, ಅದೂ ನ್ಯೂಯಾರ್ಕ್‌ನಲ್ಲೇ.

ನೀವು ಮಾಡಬೇಕಾದದ್ದು ಇಷ್ಟೇ. ಆ ಮೇಜು ಬಿಟ್ಟು ಪಕ್ಕದ ಮೇಜಿಗೆ ಹೋಗಿ, ಸಿನಿಮಾ ನೋಡಿ ಇಷ್ಟವಾಯಿತು, ಕಾಮಿಕ್ಸ್ ಎಲ್ಲಿಂದ ಶುರು ಮಾಡಲಿ ಅಂತ ಕೇಳಿ. ನಿಜವಾದ ಹುಚ್ಚು ಇರುವವರಿಗೆ ಈ ಪ್ರಶ್ನೆ ಅಂದರೆ ಪ್ರಾಣ. ನಾಲ್ಕು ಜನ ನಾಲ್ಕು ದಾರಿ ಹೇಳುತ್ತಾರೆ, ಆಮೇಲೆ ನಿಮ್ಮನ್ನು ಮರೆತು ತಮ್ಮತಮ್ಮಲ್ಲೇ ಜಗಳ ಆಡುತ್ತಾರೆ. ಕೂತು ಕೇಳಿ.

ಪ್ರತಿ ಸಲ ಸಮಾವೇಶದಿಂದ ಬಂದ ಮೇಲೆ ನೆಗಡಿ, ಗಂಟಲು ನೋವು. ನನಗೊಬ್ಬಳಿಗೇನಾ?

ಎಲ್ಲರಿಗೂ. ಮುಚ್ಚಿದ ಹಾಲ್, ಸಾವಿರಾರು ಉಸಿರು, ನಿದ್ದೆ ಇಲ್ಲ, ಕಿರುಚಿ ಕಿರುಚಿ ಮಾತು. ಹಳಬರ ಸೂತ್ರ ಐದು-ಎರಡು-ಒಂದು. ದಿನಕ್ಕೆ ಕನಿಷ್ಠ ಐದು ಗಂಟೆ ನಿದ್ದೆ, ಎರಡು ಸಲ ಊಟ, ಒಂದು ಸ್ನಾನ. ಮೂರನೆಯದು ನಿಮಗಿಂತ ಪಕ್ಕದವರಿಗೆ ಮುಖ್ಯ. ನಾನು ಮಾಸ್ಕ್ ಹಾಕುತ್ತೇನೆ, ವಾಪಸ್ ಬಂದ ಮರುದಿನ ರಜೆ ಇಟ್ಟುಕೊಳ್ಳುತ್ತೇನೆ.

ಪ್ಯಾನೆಲ್ ಚರ್ಚೆ ಮುಗಿದ ಮೇಲೆ ಮೈಕ್ ಕೊಟ್ಟರೆ ಏನು ಕೇಳಬೇಕು ಅಂತ ಹೊಳೆಯುವುದೇ ಇಲ್ಲ. ಕೈ ನಡುಗುತ್ತದೆ.

ಒಂದೇ ವಾಕ್ಯ ಸಾಕು. ಚೀಟಿಯಲ್ಲಿ ಮೊದಲೇ ಬರೆದುಕೊಂಡು ನೋಡಿಕೊಂಡು ಓದಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ‘ಈ ಪುಟದಲ್ಲಿ ಮೊದಲು ಬರೆದು ಆಮೇಲೆ ತೆಗೆದುಹಾಕಿದ್ದೇನು?’ ಅಂತ ಕೇಳಿದರೆ ಯಾವ ಲೇಖಕರೂ, ಚಿತ್ರಕಾರರೂ ಖುಷಿಯಿಂದ ಉತ್ತರ ಕೊಡುತ್ತಾರೆ. ‘ನನ್ನದು ಪ್ರಶ್ನೆ ಅಲ್ಲ, ಒಂದು ಅಭಿಪ್ರಾಯ’ ಅಂತ ಶುರು ಮಾಡುವವರು ನಿಮ್ಮ ಹಿಂದಿನ ಸಾಲಿನಲ್ಲಿ ಹೇಗೂ ಒಬ್ಬರು ಇರುತ್ತಾರೆ. ಮೈಕ್ ಅವರ ಕೈಗೆ ಸಿಗುವ ಮೊದಲು ನೀವು ಕೈ ಎತ್ತಿ.