2012ರ ಮ್ಯಾಕ್‌ಬುಕ್ ಪ್ರೊಗೆ ಸೆಕ್ವೋಯಾ: ಅಡ್ಡಗೆರೆಯ ವೃತ್ತ ಯಾಕೆ ಬರುತ್ತೆ, ಮೊದಲು ಏನು ನೋಡಬೇಕು

ಸರ್, ನೀವು ಬರೆದದ್ದನ್ನು ಒಂದು ಸಾಲಲ್ಲಿ ಹೇಳಿ ಶುರು ಮಾಡ್ತೀನಿ, ಹೊಸದಾಗಿ ಓದುವವರಿಗೂ ಗೊತ್ತಾಗಲಿ. 2012ರ ಮಧ್ಯದ 13 ಇಂಚಿನ ಮ್ಯಾಕ್‌ಬುಕ್ ಪ್ರೊ, 4 ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕ್, ಮ್ಯಾಕ್‌ಓಎಸ್‌ನ ಹಳೇ ಆವೃತ್ತಿ ಕ್ಯಾಟಲೀನಾದಲ್ಲಿ ನಿಂತಿದೆ. ಆಪಲ್ ಕೈಬಿಟ್ಟ ಮ್ಯಾಕ್‌ಗಳಿಗೆ ಹೊಸ ಮ್ಯಾಕ್‌ಓಎಸ್ ಹಾಕಿಕೊಡುವ ಆ್ಯಪ್ ಓಪನ್‌ಕೋರ್ ಲೆಗಸಿ ಪ್ಯಾಚರ್ ಬಳಸಿ, ಕ್ಯಾಟಲೀನಾಗಿಂತ ಹೊಸ ಆವೃತ್ತಿಯಾದ ಸೆಕ್ವೋಯಾದ ಪೆನ್‌ಡ್ರೈವ್ ಮಾಡಿದಿರಿ, ಬೂಟ್ ಮಾಡಿದರೆ ವೃತ್ತಕ್ಕೆ ಅಡ್ಡಗೆರೆ ಎಳೆದ ಚಿಹ್ನೆ ಬರುತ್ತಿದೆ. ಕೆಳಗೆ ಒಬ್ಬರು 'ಇದು ಹ್ಯಾಕಿಂಟಾಷ್ ಥರ ಕಾನೂನುಬಾಹಿರ' ಅಂತಲೂ ಹಾಕಿದ್ದಾರೆ.

ಮೊದಲು ಆ ಚಿಹ್ನೆ. 'ಈ ಸಿಸ್ಟಮ್ ಈ ಯಂತ್ರಕ್ಕಲ್ಲ' ಅಂತ ಯಂತ್ರವೇ ತಿರಸ್ಕರಿಸಿದೆ ಅಂತ ಅರ್ಥ. ನೀವು ಆಪ್ಷನ್ ಕೀ ಹಿಡಿದಾಗ ಪರದೆಯ ಮೇಲೆ ಎರಡು ಚಿತ್ರ ಬಂದಿರುತ್ತವೆ: 'ಇನ್‌ಸ್ಟಾಲ್ ಮ್ಯಾಕ್‌ಓಎಸ್ ಸೆಕ್ವೋಯಾ' ಮತ್ತು 'ಇಎಫ್‌ಐ ಬೂಟ್'. ಹೆಸರು ನೋಡಿ ಎಲ್ಲರೂ ಮೊದಲನೆಯದನ್ನು ಒತ್ತುತ್ತಾರೆ. ಒತ್ತಬೇಕಾದದ್ದು ಇಎಫ್‌ಐ ಬೂಟ್. ಪ್ಯಾಚರ್ ಹಾಕುವ ಬೂಟ್ ಪ್ರೋಗ್ರಾಮ್ ಓಪನ್‌ಕೋರ್ ಕೂತಿರುವುದು ಅದರೊಳಗೆ. ಅದು ಲೋಡ್ ಆದಮೇಲೆ ಇನ್ನೊಂದು ಪಟ್ಟಿ ಬರುತ್ತದೆ, ಇನ್‌ಸ್ಟಾಲರ್ ಆರಿಸುವುದು ಅಲ್ಲಿ. ಇಎಫ್‌ಐ ಬೂಟ್ ಒತ್ತುವಾಗ ಕಂಟ್ರೋಲ್ ಕೀ ಹಿಡಿದಿದ್ದರೆ ಮುಂದಿನ ಸಲದಿಂದ ಯಂತ್ರ ತಾನಾಗಿ ಅದರಿಂದಲೇ ಶುರುವಾಗುತ್ತದೆ. ಇನ್‌ಸ್ಟಾಲ್ ಆಗುವಾಗ ಮೂರ‍್ನಾಲ್ಕು ಸಲ ರೀಸ್ಟಾರ್ಟ್ ಆಗುವುದರಿಂದ ಈ ಕಂಟ್ರೋಲ್ ಮಾತ್ರ ಮರೆಯಬೇಡಿ.

ಇಎಫ್‌ಐ ಬೂಟ್ ಕಾಣಿಸಲೇ ಇಲ್ಲವೆಂದರೆ ಪೆನ್‌ಡ್ರೈವ್‌ಗೆ ಓಪನ್‌ಕೋರ್ ಬಿದ್ದಿಲ್ಲ. ಕಂಡರೂ ಅದೇ ಚಿಹ್ನೆ ಬಂದರೆ, ಪೆನ್‌ಡ್ರೈವನ್ನು ಬೇರೆ ಮ್ಯಾಕ್‌ನಲ್ಲಿ ತಯಾರಿಸಿದಿರಾ ನೋಡಿ. ಪ್ಯಾಚರ್ ಸುಮ್ಮನೆ ಬಿಟ್ಟರೆ ತಾನು ಓಡುತ್ತಿರುವ ಯಂತ್ರಕ್ಕೇ ಓಪನ್‌ಕೋರ್ ಕಟ್ಟುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಟಾರ್ಗೆಟ್ ಮಾಡೆಲ್ ಜಾಗದಲ್ಲಿ 'ಮ್ಯಾಕ್‌ಬುಕ್‌ಪ್ರೊ9,2' ಆರಿಸಿ ಮತ್ತೆ ಕಟ್ಟಬೇಕು. 15 ಇಂಚಿನದು 9,1. ಅಲ್ಪವಿರಾಮದ ಆಚೆಯ ಅಂಕಿ ತಪ್ಪಿದರೂ ಕೆಲಸ ಕೆಡುತ್ತದೆ.

ಕಾನೂನಿನ ಮಾತು ಚುಟುಕಾಗಿ. ಆಪಲ್‌ನ ಲೈಸೆನ್ಸ್ ಹೇಳುವುದು ಮ್ಯಾಕ್‌ಓಎಸ್ ಅನ್ನು ಆಪಲ್ ಬ್ರ್ಯಾಂಡ್‌ನ ಕಂಪ್ಯೂಟರಿನಲ್ಲಿ ಮಾತ್ರ ಹಾಕಿ ಅಂತ. ಮಾಮೂಲಿ ಪಿಸಿಗೆ ಹಾಕಿದರೆ, ಅಂದರೆ ಹ್ಯಾಕಿಂಟಾಷ್ ಮಾಡಿದರೆ, ಆ ಷರತ್ತು ಮುರಿಯುತ್ತದೆ. ಅಂಥ ಪಿಸಿಗಳನ್ನು 2008ರಲ್ಲಿ ಮಾರಾಟಕ್ಕಿಟ್ಟ ಸೈಸ್ಟಾರ್ ಕಂಪನಿ ಮರುವರ್ಷವೇ ಅಮೆರಿಕದ ಕೋರ್ಟಿನಲ್ಲಿ ಸೋತಿತು. ನಿಮ್ಮದು ಆಪಲ್ ಯಂತ್ರವೇ. ಆಪಲ್ ಈ ಮಾದರಿಗೆ ಸೆಕ್ವೋಯಾ ಕೊಡುವುದಿಲ್ಲ, ಏನಾದರೂ ಕೆಟ್ಟರೆ ಕೇಳುವಂತಿಲ್ಲ, ಅಷ್ಟೇ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಓಪನ್‌ಕೋರ್ ಫರ್ಮ್‌ವೇರನ್ನು, ಅಂದರೆ ಬೋರ್ಡಿನ ಚಿಪ್‌ನಲ್ಲಿರುವ ಮೂಲ ಪ್ರೋಗ್ರಾಮನ್ನು, ಮುಟ್ಟುವುದೂ ಇಲ್ಲ. ಡಿಸ್ಕಿನ ಇಎಫ್‌ಐ ಭಾಗದಲ್ಲಿ ಕೂತು ಮಾದರಿಯ ತಪಾಸಣೆಯನ್ನು ದಾಟಿಸುತ್ತದೆ. ಬೇಡವೆಂದರೆ ಡಿಸ್ಕ್ ಅಳಿಸಿ ಕ್ಯಾಟಲೀನಾ ಹಾಕಿಕೊಳ್ಳಬಹುದು.

ಈಗ ಯಂತ್ರದ ಒಳಗಿನ ವಿಷಯ. 4 ಜಿಬಿ ಮತ್ತು 5400 ಆರ್‌ಪಿಎಂ ಹಾರ್ಡ್‌ಡಿಸ್ಕ್ ಮೇಲೆ ಸೆಕ್ವೋಯಾ ಹಾಕಲು ಹೊರಟರೆ ಇನ್‌ಸ್ಟಾಲ್ ಆಗುತ್ತದೆ, ಆದರೆ ಬಳಸಲು ಆಗುವುದಿಲ್ಲ. ರ‍್ಯಾಮ್ ಕನಿಷ್ಠ 8, ಆದರೆ 16 ಜಿಬಿ ಮಾಡಿಬಿಡಿ. ಆಪಲ್ ಕಾಗದದಲ್ಲಿ 8 ಅಂತಲೇ ಹೇಳಿದ್ದರೂ 8ರ ಎರಡು ಸ್ಟಿಕ್ ಸರಾಗವಾಗಿ ನಡೆಯುತ್ತವೆ. ಅಂಗಡಿಯಲ್ಲಿ ಕೇಳಬೇಕಾದದ್ದು: ಲ್ಯಾಪ್‌ಟಾಪ್ ರ‍್ಯಾಮ್, 204 ಪಿನ್, ಡಿಡಿಆರ್3, 1600. ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲ, ಇಂಟೆಲ್ ಎಚ್‌ಡಿ 4000 ಇದರಲ್ಲೇ ಪಾಲು ತೆಗೆದುಕೊಳ್ಳುತ್ತದೆ. ಹಾಗಾಗಿ ಒಂದೇ ಸ್ಟಿಕ್ ಹಾಕಬೇಡಿ, ಜೋಡಿಯೇ ಇರಲಿ. ಡಿಸ್ಕ್ ಜಾಗಕ್ಕೆ 2.5 ಇಂಚಿನ ಯಾವುದಾದರೂ ಒಳ್ಳೆಯ ಸಾಟಾ ಎಸ್‌ಎಸ್‌ಡಿ, 256 ಜಿಬಿ ಸಾಕು. ದುಬಾರಿ ಮಾದರಿ ತಂದರೂ ಸಾಟಾ ವೇಗ ದಾಟುವುದಿಲ್ಲ, ದುಡ್ಡು ದಂಡ.

ಈ ಮಾದರಿಯ ನಿಜವಾದ ಶನಿ ಎಂದರೆ ಡಿಸ್ಕ್ ಕೇಬಲ್. ಸಾಫ್ಟ್‌ವೇರ್ ಮೇಲೆ ಬೀಳುವ ಬೈಗುಳದಲ್ಲಿ ದೊಡ್ಡ ಪಾಲು ಇದಕ್ಕೆ ಸೇರಬೇಕು. ಲಾಜಿಕ್ ಬೋರ್ಡ್‌ನಿಂದ ಡಿಸ್ಕಿಗೆ ಹೋಗುವ ಪಟ್ಟಿಯಂಥ ತೆಳು ಕೇಬಲ್ ಅಲ್ಯೂಮಿನಿಯಂ ತಳಕ್ಕೆ ಒತ್ತಿಕೊಂಡು, ಮೂಲೆಯಲ್ಲಿ ಮಡಿಚಿಕೊಂಡು ಹೋಗುತ್ತದೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಒಳಗೆ ಬಿರುಕು ಬಿಡುತ್ತದೆ. ಹಳೇ ಹಾರ್ಡ್‌ಡಿಸ್ಕ್ ನಿಧಾನವಾದ್ದರಿಂದ ಅದರ ಜೊತೆ ಹೇಗೋ ನಡೆದುಕೊಂಡು ಹೋಗುತ್ತದೆ. ವೇಗದ ಎಸ್‌ಎಸ್‌ಡಿ ಹಾಕಿದ ದಿನ ಬಂಡವಾಳ ಬಯಲು. ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುವುದು, 'ಇನ್ನು 12 ನಿಮಿಷ' ಅಂತ ಗಂಟೆಗಟ್ಟಲೆ ತೋರಿಸುವುದು, ಬಣ್ಣದ ಚಕ್ರ ತಿರುಗುತ್ತಲೇ ಇರುವುದು, ಪ್ರಶ್ನಾರ್ಥಕ ಚಿಹ್ನೆಯ ಫೋಲ್ಡರ್, ಎಲ್ಲವೂ ಇದರ ಲಕ್ಷಣ.

ಪರೀಕ್ಷೆ ಸುಲಭ. ಎಸ್‌ಎಸ್‌ಡಿಯನ್ನು ಹೊರತೆಗೆದು ಯುಎಸ್‌ಬಿ ಕೇಸ್‌ನಲ್ಲಿ ಹಾಕಿ, ಅದರಿಂದಲೇ ಬೂಟ್ ಮಾಡಿ. ಹೊರಗೆ ಚೆನ್ನಾಗಿ ಓಡಿ ಒಳಗೆ ಹಾಕಿದಾಗ ಕುಂಟಿದರೆ ಕೇಬಲ್ ಹೋಗಿದೆ. ಇನ್ನೊಂದು ದಾರಿ, ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ) ತೋರಿಸುವ ಯಾವುದಾದರೂ ಆ್ಯಪ್‌ನಲ್ಲಿ 199ನೇ ಸಾಲು ನೋಡಿ, ಸಿಆರ್‌ಸಿ ದೋಷಗಳ, ಅಂದರೆ ಡೇಟಾ ದಾರಿಯಲ್ಲಿ ಕೆಟ್ಟ ಸಲಗಳ, ಲೆಕ್ಕ ಅದು. ದೊಡ್ಡದೊಂದು ಫೈಲ್ ಕಾಪಿ ಮಾಡುವ ಮೊದಲು ಮತ್ತು ಆಮೇಲೆ ಆ ಅಂಕಿ ಬರೆದುಕೊಳ್ಳಿ. ಏರುತ್ತಿದ್ದರೆ ತಪ್ಪು ಡಿಸ್ಕಿನದಲ್ಲ, ದಾರಿಯದು.

ಬದಲಿ ಕೇಬಲ್ ತರಿಸುವಾಗ 821-2049-ಎ ಅಂತ ನಂಬರ್ ಹೇಳಿ. ಇದು ಸುಧಾರಿಸಿದ ಆವೃತ್ತಿ. ತಳದ ಮುಚ್ಚಳದಲ್ಲಿ 10 ಸ್ಕ್ರೂ, ಫಿಲಿಪ್ಸ್ 00. ಅದರಲ್ಲಿ ಮೂರು ಉದ್ದನೆಯವು. ಯಾವುದು ಎಲ್ಲಿಂದ ಬಂತು ಅಂತ ಕಾಗದದ ಮೇಲೆ ಅದೇ ಆಕಾರದಲ್ಲಿ ಇಟ್ಟುಕೊಳ್ಳಿ. ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು. ಡಿಸ್ಕ್ ಹಿಡಿದಿರುವ ಪಟ್ಟಿಗೆ ಎರಡು ಸ್ಕ್ರೂ, ಡಿಸ್ಕಿನ ಬದಿಯ ನಾಲ್ಕು ಗೂಟಗಳಿಗೆ ಟಾರ್ಕ್ಸ್ ಟಿ6 ಬೇಕು. ಕೇಬಲ್‌ನ ಬೋರ್ಡ್ ಕಡೆಯ ತುದಿಯನ್ನು ನೇರ ಮೇಲಕ್ಕೆ ಎತ್ತಬೇಕು, ಪಕ್ಕಕ್ಕೆ ಎಳೆಯಬಾರದು. ಹೊಸದನ್ನು ಹಾಕುವಾಗ ಅಲ್ಯೂಮಿನಿಯಂಗೆ ತಾಗುವ ಜಾಗದಲ್ಲಿ ಒಂದು ಪದರ ಇನ್ಸುಲೇಷನ್ ಟೇಪ್ ಅಂಟಿಸಿ. ಮೂಲೆಯಲ್ಲಿ ಉಗುರಿನಿಂದ ಗೆರೆ ಬೀಳುವಂತೆ ಮಡಿಸಬೇಡಿ, ಸಣ್ಣ ಪೆನ್ನಿನ ರೀಫಿಲ್ ಸುತ್ತ ಬಗ್ಗಿಸಿದಷ್ಟು ದುಂಡಗೆ ಇರಲಿ. ಕೇಬಲ್ ಸಿಗಲೇ ಇಲ್ಲವೆಂದರೆ ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ 9.5 ಮಿಲಿಮೀಟರ್ ದಪ್ಪದ ಕ್ಯಾಡಿಯಲ್ಲಿ ಎಸ್‌ಎಸ್‌ಡಿ ಕೂರಿಸಬಹುದು, ಆ ಕಡೆಯ ಕೇಬಲ್ ಬೇರೆ.

ಹೊಸ ಎಸ್‌ಎಸ್‌ಡಿಗೆ ನೇರ ಸೆಕ್ವೋಯಾ ಹಾಕುವ ಮುನ್ನ ಅಧಿಕೃತ ಕ್ಯಾಟಲೀನಾ ಒಮ್ಮೆ ಹಾಕಿ. ಆಪಲ್ ಫರ್ಮ್‌ವೇರ್ ಅಪ್‌ಡೇಟುಗಳನ್ನು ಇನ್‌ಸ್ಟಾಲರ್ ಜೊತೆಯಲ್ಲೇ ಕಳಿಸುತ್ತದೆ. ಹೈ ಸಿಯೆರಾ ಆವೃತ್ತಿಯವರೆಗೂ ಬರದ ಯಂತ್ರದ ಫರ್ಮ್‌ವೇರ್‌ಗೆ ಎಪಿಎಫ್‌ಎಸ್ (ಆಪಲ್‌ನ ಹೊಸ ಡಿಸ್ಕ್ ಫಾರ್ಮ್ಯಾಟ್) ಡಿಸ್ಕ್ ಓದಲು ಬರುವುದಿಲ್ಲ. ನಿಮ್ಮದು ಈಗಾಗಲೇ ಕ್ಯಾಟಲೀನಾದಲ್ಲಿ ಇರುವುದರಿಂದ ಈ ತಲೆಬಿಸಿ ಇಲ್ಲ. ಸೆಕೆಂಡ್ ಹ್ಯಾಂಡ್ ತಂದವರಿಗೆ ಹೇಳಿದ್ದು.

ಇನ್ನು ಕ್ರಮ. ಟೈಮ್ ಮಷೀನ್ ಬ್ಯಾಕಪ್ ತೆಗೆಯಿರಿ, ಡಿಸ್ಕಿಗೆ ಬೀಗ ಹಾಕುವ ಫೈಲ್‌ವಾಲ್ಟ್ ಆಫ್ ಮಾಡಿ. ಪ್ಯಾಚರನ್ನು ಅದನ್ನು ಮಾಡುವ ಡೋರ್ಟಾನಿಯಾ ತಂಡದ ಗಿಟ್‌ಹಬ್ ಪುಟದಿಂದ ಮಾತ್ರ ಇಳಿಸಿ. ಅದು ಪೂರ್ತಿ ಉಚಿತ, ದುಡ್ಡು ಕೇಳುವ ಸೈಟ್ ಕಂಡರೆ ಅದು ನಕಲಿ. ಪೆನ್‌ಡ್ರೈವ್ 32 ಜಿಬಿ ಇರಲಿ, ಸೆಕ್ವೋಯಾಕ್ಕೆ 16 ಇಕ್ಕಟ್ಟು. ಆ್ಯಪ್‌ನಲ್ಲಿ 'ಕ್ರಿಯೇಟ್ ಮ್ಯಾಕ್‌ಓಎಸ್ ಇನ್‌ಸ್ಟಾಲರ್' ಒತ್ತಿದರೆ ಇಳಿಸುವುದು, ಪೆನ್‌ಡ್ರೈವಿಗೆ ಬರೆಯುವುದು ಎರಡನ್ನೂ ಅದೇ ಮಾಡುತ್ತದೆ. ಕೊನೆಯಲ್ಲಿ ಓಪನ್‌ಕೋರ್ ಹಾಕಲೇ ಅಂತ ಕೇಳುತ್ತದೆ, ಅಲ್ಲಿ ಪೆನ್‌ಡ್ರೈವನ್ನೇ ತೋರಿಸಿ. ಇಲ್ಲಿ ಬೇಡ ಅಂದುಬಿಟ್ಟವರಿಗೆ ಇಎಫ್‌ಐ ಬೂಟ್ ಕಾಣಿಸುವುದಿಲ್ಲ.

ಇನ್‌ಸ್ಟಾಲರ್ ತೆರೆದ ಮೇಲೆ ಡಿಸ್ಕ್ ಯುಟಿಲಿಟಿಯಲ್ಲಿ ವ್ಯೂ ಮೆನುವಿನಿಂದ 'ಶೋ ಆಲ್ ಡಿವೈಸಸ್' ಆನ್ ಮಾಡಿ. ಇಲ್ಲದಿದ್ದರೆ ಒಳಗಿನ ಭಾಗ ಮಾತ್ರ ಕಾಣುತ್ತದೆ, ಅದನ್ನೇ ಅಳಿಸಿ 'ಯಾಕೆ ಇನ್‌ಸ್ಟಾಲ್ ಆಗ್ತಿಲ್ಲ' ಅಂತ ಕೂರಬೇಕಾಗುತ್ತದೆ. ಎಲ್ಲಕ್ಕಿಂತ ಮೇಲಿನ ಸಾಲು, ಅಂದರೆ ಎಸ್‌ಎಸ್‌ಡಿಯ ಕಂಪನಿ ಹೆಸರಿರುವ ಸಾಲು ಆರಿಸಿ, ಫಾರ್ಮ್ಯಾಟ್ ಎಪಿಎಫ್‌ಎಸ್, ಸ್ಕೀಮ್ ಜಿಯುಐಡಿ ಇಟ್ಟು ಅಳಿಸಿ. ತಯಾರಿಯ ಹಂತದಲ್ಲೇ ದೋಷ ಬಂದರೆ ಮೊದಲು ತಾರೀಖು ನೋಡಿ. ಬ್ಯಾಟರಿ ಪೂರ್ತಿ ಸತ್ತ ಯಂತ್ರದ ಗಡಿಯಾರ ಹತ್ತಾರು ವರ್ಷ ಹಿಂದಕ್ಕೆ ಹೋಗಿರುತ್ತದೆ, ಸರ್ಟಿಫಿಕೇಟ್ ಹೊಂದುವುದಿಲ್ಲ.

ಡೆಸ್ಕ್‌ಟಾಪ್ ಬಂದ ತಕ್ಷಣ ನಿರಾಶರಾಗಬೇಡಿ. ಮೌಸ್ ಬಾಣ ತೆವಳುತ್ತದೆ, ಕಿಟಕಿ ಎಳೆದರೆ ಮುರಿದು ಮುರಿದು ಬರುತ್ತದೆ, ವೈ-ಫೈ ಇಲ್ಲವೇ ಇಲ್ಲ. ಎಚ್‌ಡಿ 4000 ಡ್ರೈವರನ್ನು ಆಪಲ್ ಸೆಕ್ವೋಯಾಗಿಂತ ಹಿಂದಿನ ಆವೃತ್ತಿ ಮಾಂಟೆರೇಯಲ್ಲೇ ತೆಗೆಯಿತು, ನಿಮ್ಮ ವೈ-ಫೈ ಚಿಪ್ಪಿನ ಬೆಂಬಲ ಆಮೇಲಿನ ಸೊನೋಮಾದಲ್ಲಿ ಹೋಯಿತು. ಎರಡನ್ನೂ ವಾಪಸ್ ತರುವುದು ಪ್ಯಾಚರ್ ಆ್ಯಪ್‌ನಲ್ಲಿರುವ 'ಪೋಸ್ಟ್-ಇನ್‌ಸ್ಟಾಲ್ ರೂಟ್ ಪ್ಯಾಚ್'. ಅದಕ್ಕೆ ಬೇಕಾದ ಫೈಲುಗಳನ್ನು ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈ-ಫೈ ಬೇಕು, ವೈ-ಫೈಗೆ ಪ್ಯಾಚ್ ಬೇಕು! ಪುಣ್ಯಕ್ಕೆ ಈ ಯಂತ್ರದ ಬದಿಯಲ್ಲಿ ಈಥರ್ನೆಟ್ ತೂತು ಇದೆ. ರೌಟರ್‌ನಿಂದ ಒಂದು ಕೇಬಲ್ ಎಳೆದುಕೊಂಡೇ ಕೂತುಕೊಳ್ಳಿ. ಐಫೋನ್ ಇದ್ದರೆ ಯುಎಸ್‌ಬಿ ಟೆದರಿಂಗ್ ಆಗುತ್ತದೆ, ಆಂಡ್ರಾಯ್ಡ್ ಫೋನ್‌ನ ಟೆದರಿಂಗನ್ನು ನೆಚ್ಚಿಕೊಳ್ಳಬೇಡಿ.

ರೂಟ್ ಪ್ಯಾಚ್‌ಗೆ ಮೊದಲೋ ಆಮೇಲೋ, ಓಪನ್‌ಕೋರನ್ನು ಪೆನ್‌ಡ್ರೈವ್‌ನಿಂದ ಒಳಗಿನ ಡಿಸ್ಕಿಗೆ ಹಾಕಿಕೊಳ್ಳಬೇಕು: 'ಬಿಲ್ಡ್ ಆ್ಯಂಡ್ ಇನ್‌ಸ್ಟಾಲ್ ಓಪನ್‌ಕೋರ್', ಈ ಸಲ ಎಸ್‌ಎಸ್‌ಡಿ. ಅದಾಗದೆ ಪೆನ್‌ಡ್ರೈವ್ ಕಿತ್ತರೆ ಮತ್ತೆ ಅದೇ ಅಡ್ಡಗೆರೆ. ಮುಂದೆಂದಾದರೂ ಕಮಾಂಡ್-ಆಪ್ಷನ್-ಪಿ-ಆರ್ ಒತ್ತಿ, ಬೂಟ್ ಆಯ್ಕೆ ನೆನಪಿಡುವ ಎನ್‌ವಿರ‍್ಯಾಮ್ ಅಳಿಸಿದರೂ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಗಾಬರಿ ಬೇಡ, ಆಪ್ಷನ್ ಹಿಡಿದು ಇಎಫ್‌ಐ ಬೂಟನ್ನು ಕಂಟ್ರೋಲ್ ಜೊತೆ ಮತ್ತೊಮ್ಮೆ ಆರಿಸಿ.

ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ಅಪ್‌ಡೇಟ್ ಇಳಿಸುವುದು, ಹಾಕುವುದು ಎರಡನ್ನೂ ಆಫ್ ಮಾಡಿ. ಪ್ರತಿ ಅಪ್‌ಡೇಟೂ ರೂಟ್ ಪ್ಯಾಚನ್ನು ಒರೆಸಿಹಾಕುತ್ತದೆ, ಬೆಳಿಗ್ಗೆ ಎದ್ದು ನೋಡಿದರೆ ಯಂತ್ರ ತೆವಳುತ್ತಿರುತ್ತದೆ. ಅಪ್‌ಡೇಟ್ ಬೇಕಾದಾಗ ಮೊದಲು ಪ್ಯಾಚರ್ ಆ್ಯಪ್ ಹೊಸದು ಮಾಡಿ, ಓಪನ್‌ಕೋರ್ ಮತ್ತೆ ಕಟ್ಟಿ ರೀಸ್ಟಾರ್ಟ್ ಮಾಡಿ, ಆಮೇಲೆ ಮ್ಯಾಕ್‌ಓಎಸ್ ಅಪ್‌ಡೇಟ್, ಕೊನೆಗೆ ರೂಟ್ ಪ್ಯಾಚ್. ರೂಟ್ ಪ್ಯಾಚ್‌ನಿಂದ ಸಿಸ್ಟಮ್ ಭಾಗದ ಮುದ್ರೆ ಒಡೆದಿರುವುದರಿಂದ ಸಣ್ಣ ಅಪ್‌ಡೇಟ್ ಕೂಡ ಪೂರ್ತಿ ಗಾತ್ರದಲ್ಲಿ, 10 ಜಿಬಿಗೂ ಹೆಚ್ಚು ಇಳಿಯುತ್ತದೆ. ಮೊಬೈಲ್ ಡೇಟಾದಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ಪ್ಯಾಚ್ ಹಾಕಿದ ಮೇಲೆ ಬೂಟ್ ಆಗದಿದ್ದರೆ ಓಪನ್‌ಕೋರ್ ಪಟ್ಟಿಯಲ್ಲಿ ಶಿಫ್ಟ್ ಹಿಡಿದು ಎಂಟರ್ ಒತ್ತಿ ಸೇಫ್ ಮೋಡ್‌ಗೆ ಹೋಗಿ, 'ರಿವರ್ಟ್ ರೂಟ್ ಪ್ಯಾಚಸ್' ಮಾಡಿ. ರಿಕವರಿ ಬೇಕಾದರೆ ಅದೇ ಪಟ್ಟಿಯಲ್ಲಿ ಸ್ಪೇಸ್ ಬಾರ್ ಒತ್ತಿ, ಅಡಗಿದ್ದ ಸಾಲುಗಳು ಕಾಣುತ್ತವೆ.

ಯಾವ ಆವೃತ್ತಿ? ಸೆಕ್ವೋಯಾದ ಮುಂದಿನ ಟಾಹೋ ಬೇಡ, ಪ್ಯಾಚರ್‌ನ 2.4 ಸರಣಿ ಅದನ್ನು ಬೆಂಬಲಿಸುವುದಿಲ್ಲ. ಇಂಟೆಲ್ ಮ್ಯಾಕ್‌ಗೆ ಅದೇ ಕೊನೆಯದು ಅಂತ ಆಪಲ್ 2025ರ ಜೂನ್‌ನಲ್ಲೇ ಹೇಳಿದೆ. ಮಾಂಟೆರೇ ಈ ಯಂತ್ರಕ್ಕೆ ಹಗುರ, ಆದರೆ ಅದರ ಭದ್ರತಾ ಅಪ್‌ಡೇಟ್ 2024ರಲ್ಲೇ ನಿಂತಿತು. ಬ್ರೌಸರ್, ಬ್ಯಾಂಕ್ ಕೆಲಸ ಅಂದಿದ್ದೀರಿ, ಹಾಗಾದರೆ 16 ಜಿಬಿ ಮಾಡಿಸಿ ಸೆಕ್ವೋಯಾ ಹಾಕಿ. ಪ್ಯಾಚ್‌ಗಾಗಿ ಸಿಸ್ಟಮ್ ಫೈಲುಗಳನ್ನು ಕಾಯುವ ಎಸ್‌ಐಪಿ ರಕ್ಷಣೆ ಸ್ವಲ್ಪ ಸಡಿಲಾಗುತ್ತದೆ, ಅದು ಗೊತ್ತಿರಲಿ. ಕಂಡಕಂಡ ಆ್ಯಪ್ ಹಾಕಬೇಡಿ. ನಿಮ್ಮ ಪ್ರೊಸೆಸರ್‌ನಲ್ಲಿ ಎವಿಎಕ್ಸ್2 ಎಂಬ ಆದೇಶಗಳ ಗುಂಪು ಇಲ್ಲ, ಅದನ್ನು ಕೇಳುವ ವಿಡಿಯೊ ಎಡಿಟಿಂಗ್ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತವೆ, ಯಾವ ಪ್ಯಾಚ್‌ನಿಂದಲೂ ಸರಿಹೋಗುವುದಿಲ್ಲ. ಐಫೋನ್ ಮಿರರಿಂಗ್ ಮತ್ತು ಆಪಲ್ ಇಂಟೆಲಿಜೆನ್ಸ್ ಆಸೆ ಬಿಡಿ.

ಕನ್ನಡ ಟೈಪಿಂಗ್ ಕೇಳಿದ್ದಿರಿ. ಇನ್‌ಪುಟ್ ಸೋರ್ಸ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿಕೊಳ್ಳಿ, ಪ್ಯಾಚ್‌ಗೂ ಅದಕ್ಕೂ ಸಂಬಂಧವಿಲ್ಲ. ನುಡಿಯ ಹಳೇ ಆಸ್ಕಿ ಫೈಲುಗಳಿದ್ದರೆ ವಿಂಡೋಸ್ ಯಂತ್ರದಲ್ಲೇ ಯೂನಿಕೋಡ್‌ಗೆ ಬದಲಿಸಿಕೊಂಡು ತನ್ನಿ.

ಕೇಬಲ್ ಪರೀಕ್ಷೆ ಮಾಡಿದ ಮೇಲೆ 199ನೇ ಸಾಲಿನ ಎರಡೂ ಅಂಕಿ ಇಲ್ಲಿ ಹಾಕಿ, ನೋಡೋಣ.