ಹರಿಕೇನ್ ಸೀಸನ್ ಬೇಗ ಶುರುವಾದ್ರೆ ವರ್ಷವಿಡೀ ಜೋರಾಗಿರುತ್ತಾ?

ಪ್ರಶ್ನೆ: ಮಗಳು ಅಳಿಯ ಅಮೆರಿಕದ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿದಾರೆ. 2024ರಲ್ಲಿ ಬೆರಿಲ್ ಅನ್ನೋ ಹರಿಕೇನ್ (ಅಟ್ಲಾಂಟಿಕ್ ಕಡೆಯ ಚಂಡಮಾರುತ) ಬಂದಾಗ ಅವರ ಮನೇಲಿ ಎಷ್ಟೋ ದಿನ ಕರೆಂಟ್ ಇರಲಿಲ್ಲ, ಫೋನೂ ಸಿಗ್ತಿರಲಿಲ್ಲ, ನಮಗಿಲ್ಲಿ ನಿದ್ದೆನೇ ಇಲ್ಲ. ಸೀಸನ್ ಆಗಸ್ಟ್ ಮೇಲೆ ಅಂತ ಕೇಳಿದ್ವಿ, ಇದು ಜುಲೈಗೇ ಬಂತು. ಹೀಗೆ ಬೇಗ ಶುರುವಾದ್ರೆ ಇಡೀ ವರ್ಷ ಕೆಟ್ಟದಾಗಿರುತ್ತಾ?
– ಓದುಗರು, ರಾಜಾಜಿನಗರ

ಉತ್ತರ: ಅಮ್ಮ, ನಿಮ್ಮ ಆತಂಕ ಅರ್ಥ ಆಗುತ್ತೆ. ಅಟ್ಲಾಂಟಿಕ್‌ನಲ್ಲಿ ಸೀಸನ್ ಅಂದ್ರೆ ಜೂನ್ 1ರಿಂದ ನವೆಂಬರ್ 30, ಅದ್ರಲ್ಲಿ ಜೋರು ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ. ಆದ್ರೆ ಸಮುದ್ರ ಕ್ಯಾಲೆಂಡರ್ ನೋಡಲ್ಲ, 2015ರಿಂದ 2021ರವರೆಗೆ ಸತತ ಏಳು ವರ್ಷ ಜೂನ್ 1ಕ್ಕೆ ಮುಂಚೇನೇ ಒಂದಾದ್ರೂ ಸ್ಟಾರ್ಮ್‌ಗೆ ಹೆಸರಿಟ್ಟಿದಾರೆ, 2016ರಲ್ಲಂತೂ ಜನವರಿಯಲ್ಲೇ ಅಲೆಕ್ಸ್ ಅನ್ನೋ ಹರಿಕೇನ್ ಎದ್ದಿತ್ತು.

ಬೇಗ ಬಂತಾ ಅನ್ನೋದಕ್ಕಿಂತ ಎಲ್ಲಿ ಹುಟ್ಟಿತು ಅಂತ ನೋಡ್ಬೇಕು. ಮೇ ತಿಂಗಳವು ಸಾಮಾನ್ಯವಾಗಿ ಅಮೆರಿಕದ ದಡದ ಹತ್ರಾನೋ ಮೆಕ್ಸಿಕೋ ಕೊಲ್ಲಿಯಲ್ಲೋ ಹುಟ್ಟಿ ಒಂದೆರಡು ದಿನ ಮಳೆ ಸುರಿಸಿ ಕರಗಿಹೋಗುತ್ವೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಮಾವಿನ ಮಳೆ ಜೋರಾಗಿ ಹೊಡೀತು ಅಂತ ಮುಂಗಾರು ಚೆನ್ನಾಗಾಗುತ್ತೆ ಅನ್ನೋಕಾಗುತ್ತಾ, ಅವೂ ಹಾಗೇನೇ. ಬೆರಿಲ್ ಆ ಜಾತಿ ಅಲ್ಲ. ಅದು ಆಫ್ರಿಕಾ ಕಡೆಯಿಂದ ಬರೋ ಅಲೆಯಿಂದ ಅಟ್ಲಾಂಟಿಕ್ ನಡುವೆ ಹುಟ್ಟಿತು, ಅಲ್ಲಿ ಜೂನ್‌ನಲ್ಲಿ ನೀರು ಅಷ್ಟು ಬಿಸಿ ಇರೋದೇ ಅಪರೂಪ, ಚಂಡಮಾರುತಕ್ಕೆ ಸುಮಾರು 26.5 ಡಿಗ್ರಿ ಬೇಕು, ಆ ವರ್ಷ ಅದಕ್ಕಿಂತ ಚೆನ್ನಾಗೇ ಕಾದಿತ್ತು, ಮೇಲಿನ ಗಾಳಿಯೂ ಅದನ್ನ ಹರಿದು ಹಾಕ್ಲಿಲ್ಲ. ಜುಲೈ 1ಕ್ಕೆ ಕೆರಿಬಿಯನ್‌ನ ಕ್ಯಾರಿಯಾಕೂ ದ್ವೀಪಕ್ಕೆ ಬಡಿದು, ಮಾರನೇ ದಿನಕ್ಕೆ ಕೆಟಗರಿ 5, ಅಂದ್ರೆ ಐದರಲ್ಲಿ ಅತಿ ಜೋರಿನ ಮಟ್ಟ, ಆಯ್ತು. ಅಟ್ಲಾಂಟಿಕ್ ದಾಖಲೆಯಲ್ಲಿ ಅಷ್ಟು ಬೇಗ ಯಾವುದೂ ಆ ಮಟ್ಟಕ್ಕೆ ಹೋಗಿರಲಿಲ್ಲ, ಹಿಂದಿನದು 2005ರ ಎಮಿಲಿ, ಅದೂ ಜುಲೈ ಮಧ್ಯದಲ್ಲಿ. ಈ ತರದ್ದು ಬೇಗ ಬಂದ್ರೆ ಮಾತ್ರ ನಾನೂ ಗಂಭೀರವಾಗಿ ತಗೋತೀನಿ, ಮುಂದಿನ ತಿಂಗಳುಗಳಿಗೆ ಬೇಕಾದ ಬಿಸಿ ಅಲ್ಲಿ ಆಗ್ಲೇ ರೆಡಿ ಇದೆ ಅಂತ.

ಆದ್ರೂ ಲೆಕ್ಕ ನೇರ ಇಲ್ಲ. 2024ರಲ್ಲೇ ಆಗಸ್ಟ್ ಕೊನೆ ವಾರಗಳು ಖಾಲಿ ಹೋದ್ವು, ಎಲ್ರೂ ಮುಗೀತು ಅಂದ್ಕೊಂಡಾಗ ಸೆಪ್ಟೆಂಬರ್ ಕೊನೆಗೆ ಹೆಲೀನ್, ಅಕ್ಟೋಬರ್‌ನಲ್ಲಿ ಮಿಲ್ಟನ್ ಬಂದ್ವು. 1992ರಲ್ಲಿ ಹೆಸರಿಟ್ಟ ಮೊದಲ ಸ್ಟಾರ್ಮೇ ಆಗಸ್ಟ್ ಮಧ್ಯದಲ್ಲಿ, ಆ ವರ್ಷ ಬಂದಿದ್ದೂ ಕಮ್ಮಿನೇ, ಆದ್ರೆ ಆ ಮೊದಲನೇದೇ ಫ್ಲೋರಿಡಾನ ಚಿಂದಿ ಮಾಡಿದ ಆಂಡ್ರೂ. ಎಷ್ಟು ಬರುತ್ವೆ ಅನ್ನೋದಲ್ಲ, ನಿಮ್ಮ ಮಗಳ ಊರಿಗೆ ಒಂದು ಬರುತ್ತಾ ಅನ್ನೋದಷ್ಟೇ ಮುಖ್ಯ.

ಇನ್ನೊಂದು ಮಾತು ಹೇಳ್ಲೇಬೇಕು. ಬೆರಿಲ್ ಟೆಕ್ಸಾಸ್ ಮುಟ್ಟಿದಾಗ ಬರೀ ಕೆಟಗರಿ 1, ಆದ್ರೂ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯ್ತು, ಜುಲೈ ಸೆಕೆಯಲ್ಲಿ ಎಸಿ ಇಲ್ಲ. ಅದಕ್ಕೇ ಕೆಟಗರಿ ನಂಬರ್ ನೋಡಿ ಧೈರ್ಯ ತಗೋಬೇಡಿ, ಅದು ಗಾಳಿ ವೇಗದ ಲೆಕ್ಕ ಮಾತ್ರ, ಜೀವ ಜಾಸ್ತಿ ತೆಗೆಯೋದು ನೀರು.

ಮಗಳಿಗೆ ಮೇ ತಿಂಗಳಲ್ಲೇ ಹೇಳಿ: ಮನೆ, ಸ್ಟಾರ್ಮ್ ಬಂದಾಗ ಖಾಲಿ ಮಾಡಿಸೋ ಇವ್ಯಾಕ್ಯುವೇಷನ್ ಝೋನ್‌ನಲ್ಲಿದ್ಯಾ ಅಂತ ನೋಡ್ಕೊಳ್ಲಿ. ಅಲ್ಲಿ ಮಾಮೂಲಿ ಹೋಮ್ ಇನ್ಶೂರೆನ್ಸ್‌ನಲ್ಲಿ ಪ್ರವಾಹ ಸೇರಲ್ಲ, ಸರ್ಕಾರದ ಫ್ಲಡ್ ಇನ್ಶೂರೆನ್ಸ್ ಸಾಮಾನ್ಯವಾಗಿ ತಗೊಂಡ 30 ದಿನಕ್ಕೆ ಜಾರಿಗೆ ಬರುತ್ತೆ, ಸ್ಟಾರ್ಮ್ ಟಿವಿಯಲ್ಲಿ ಕಾಣಿಸಿದ ಮೇಲೆ ಓಡಿದ್ರೆ ಉಪಯೋಗ ಇಲ್ಲ. ಜನರೇಟರ್ ಇದ್ರೆ ಗ್ಯಾರೇಜ್ ಒಳಗೆ ಯಾವತ್ತೂ ಹಾಕ್ಬಾರ್ದು, ಅದರ ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡ್ ವಾಸನೇನೇ ಇಲ್ದೆ ಕೊಲ್ಲುತ್ತೆ.

ನಿಮಗೆ: ವಾಟ್ಸಾಪ್ ಫಾರ್ವರ್ಡ್ ಬಿಟ್ಟು ಅಮೆರಿಕದ ನ್ಯಾಷನಲ್ ಹರಿಕೇನ್ ಸೆಂಟರ್ ಮಾಹಿತಿ ಮಾತ್ರ ನೋಡಿ, ಸ್ಟಾರ್ಮ್ ಇರೋ ಹೊತ್ತಲ್ಲಿ ಅವರ ಮುಖ್ಯ ಬುಲೆಟಿನ್ ನಮ್ಮ ಟೈಮಿಗೆ ಬೆಳಿಗ್ಗೆ 8.30, ಮಧ್ಯಾಹ್ನ 2.30, ರಾತ್ರಿ 8.30, ಮತ್ತೆ ರಾತ್ರಿ 2.30ಕ್ಕೆ ಬರುತ್ತೆ, ಆ ಕೊನೇದಕ್ಕೆ ಎದ್ದು ಕೂರ್ಬೇಡಿ, ಬೆಳಿಗ್ಗೆದು ಸಾಕು. ಅವರ ಮ್ಯಾಪ್‌ನಲ್ಲಿ ಮುಂದೆ ಮುಂದೆ ಅಗಲ ಆಗ್ತಾ ಹೋಗೋ ಬಿಳಿ ಕೋನ್ ಸ್ಟಾರ್ಮ್‌ನ ಗಾತ್ರ ಅಲ್ಲ, ಅದರ ಕೇಂದ್ರ ಹೋಗಬಹುದಾದ ದಾರಿ ಅಷ್ಟೇ, ಮಗಳ ಮನೆ ಕೋನ್ ಆಚೆ ಇದ್ರೂ ಮಳೆ ಗಾಳಿ ತಟ್ಟಬಹುದು. ಆ ದಿನಗಳಲ್ಲಿ ವಿಡಿಯೋ ಕಾಲ್ ಬೇಡ, ಚಾರ್ಜ್ ಉಳೀಲಿ, ದಿನಕ್ಕೆರಡು ಸಲ ಒಂದು ಮೆಸೇಜ್ ಹಾಕು ಅಂತ ಈಗ್ಲೇ ಮಾತಾಡ್ಕೊಂಡಿರಿ.